ಕಂಪ್ಲಿಯ ಎತ್ತಿನಲ್ಲಿ ಟೆಕ್ಸಸ್ ಮಣ್ಣು

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಏಳೂವರೆಗೆ ನಾವು ಹೊಸಪೇಟೆ ಬಿಟ್ಟೆವು. ಚಿತ್ತವಾಡ್ಗಿಯ ಹುಲುಗಪ್ಪನ ಕಾರನ್ನು ಎರಡು ದಿನಕ್ಕೆ ಗೊತ್ತು ಮಾಡಿದ್ದೆ. ಹಂಪಿ ನೋಡಿಕೊಂಡು, ಕಂಪ್ಲಿಯ ನನ್ನ ತವರಿನಲ್ಲಿ ಹಬ್ಬ ಮುಗಿಸಿ, ದರೋಜಿಯ ಮೇಲೆ ಹಾದು ಸಂಡೂರಿಗೆ ಹೋಗುವುದೆಂದು ಯೋಚನೆ. ರಾತ್ರಿ ಒಂದು ಹದ ಮಳೆಯಾಗಿ ನಿಂತಿತ್ತು, ಆದರೂ ಸೆಕೆ ಹೋಗಿರಲಿಲ್ಲ.

ಜೊತೆಗಿದ್ದವಳು ಲಿಂಡಾ. ಕಾನ್ವೆಂಟಿನಲ್ಲಿ ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಸಿಸ್ಟರ್ ಒಬ್ಬರು ನಮಗೆಲ್ಲ ಪರದೇಶದ ಒಂದೊಂದು ವಿಳಾಸ ಹಂಚಿ, ಪತ್ರ ಬರೆಯಿರಿ, ಇಂಗ್ಲಿಷ್ ಸುಧಾರಿಸುತ್ತದೆ ಎಂದಿದ್ದರು. ನನಗೆ ಸಿಕ್ಕಿದ್ದು ಲಿಂಡಾಳ ವಿಳಾಸ. ಉಳಿದವರ ಪತ್ರಗಳು ಒಂದೆರಡು ವರ್ಷಕ್ಕೆ ನಿಂತುಹೋದವು, ನಮ್ಮವು ನಿಲ್ಲಲಿಲ್ಲ. ಅವಳ ಮಗಳು ಎಮಿಯ ಕಾಲೇಜಿಗೆ ಸಂಡೂರಿನ ಹುಡುಗನೊಬ್ಬ ಓದಲು ಬಂದಾಗ, 'ನನ್ನ ಗೆಳತಿಯ ಸೀಮೆಯವನು' ಎಂದು ಊಟಕ್ಕೆ ಕರೆದವಳು ಲಿಂಡಾಳೇ. ಆ ಊಟ ಮದುವೆಯವರೆಗೆ ಹೋಯಿತು. ಈಗ ಗಂಡಹೆಂಡತಿ ಸಂಡೂರಿನಲ್ಲಿದ್ದಾರೆ, ಅವನಿಗೆ ಗಣಿ ಕಂಪನಿಯೊಂದರಲ್ಲಿ ಕೆಲಸ. ಎಮಿಗೆ ದಿನ ತುಂಬಿತ್ತು. ಡಾಕ್ಟರು ಇನ್ನೂ ಹತ್ತು ದಿನ ಅಂದಿದ್ದರಿಂದ ಲಿಂಡಾ ಎರಡು ದಿನ ನನಗೆಂದು ತೆಗೆದಿಟ್ಟಿದ್ದಳು.

"ಮೇಡಂ ಅಮೆರಿಕಾದವ್ರೇನ್ರಿ?" ಎಂದು ಹುಲುಗಪ್ಪ ಕನ್ನಡಿಯಲ್ಲಿ ನೋಡುತ್ತ ಕೇಳಿದ. ಲಿಂಡಾಳಿಗೆ ಅಮೆರಿಕಾ ಎಂಬ ಪದವಷ್ಟೇ ತಿಳಿಯಿತು. ಬೆರಳು ಆಡಿಸಿ, "ನೋ, ಟೆಕ್ಸಸ್" ಎಂದಳು. ಅದು ಅಮೆರಿಕದೊಳಗಿನ ಒಂದು ರಾಜ್ಯ ಎಂದು ನಾನು ವಿವರಿಸಿದೆ.

"ಹಂಗಂದ್ರ ನಮ್ಮಂಗ ಬಿಡ್ರಿ. ನಾವೂ ಈಗ ಬಳ್ಳಾರಿಯವ್ರಲ್ಲ, ವಿಜಯನಗರ ಜಿಲ್ಲಾದವ್ರು. ಯಾರರ ಬಳ್ಳಾರಿ ಅಂದ್ರ ನಾ ಗಾಡಿ ನಿಂದ್ರಿಸಿ ಹೇಳ್ತೀನಿ."

ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಲಿಂಡಾ ಹಿಂದಿನಿಂದಲೇ ಅವನ ಭುಜ ತಟ್ಟಿದಳು. ಅಲ್ಲಿಂದ ಇಬ್ಬರೂ ಒಂದಾದರು. ಟೆಕ್ಸಸ್ಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾರು ಓಡಿಸಿದರೂ ಗಡಿ ಬರುವುದಿಲ್ಲ, ಅಂಗಡಿ ಮುಂದೆಯೂ ಮನೆ ಮುಂದೆಯೂ ರಾಜ್ಯದ ಒಂಟಿ ನಕ್ಷತ್ರದ ಬಾವುಟ ಇರುತ್ತದೆ ಎಂದು ಅವಳು ಹೇಳುವುದು, ನಾನು ಕನ್ನಡಕ್ಕೆ ತಿರುಗಿಸುವುದು, ಅವನು "ಮಸ್ತ್" ಅನ್ನುವುದು. ಅವಳ ಮನೆಯಲ್ಲಿ ತಿಂಡಿ ಬೇಯಿಸುವ ಹಂಚು ಕೂಡ ರಾಜ್ಯದ ನಕ್ಷೆಯ ಆಕಾರದಲ್ಲಿದೆ, ಫೋಟೊ ತೋರಿಸಿದಳು. ಮೂವತ್ತು ವರ್ಷದಿಂದ ದೋಸೆ ಹುಯ್ಯುತ್ತಿದ್ದೇನೆ, ಕರ್ನಾಟಕದ ಆಕಾರ ಹುಯ್ಯಬೇಕೆಂದು ಒಮ್ಮೆಯೂ ಅನಿಸಿಲ್ಲ. ಅನಿಸಬೇಕಿತ್ತೇನೋ.

ಹಂಪಿಯಲ್ಲಿ ಗುಡಿಯ ಮುಂದೆ ಮಂಗವೊಂದು ಲಿಂಡಾಳ ಹೆಗಲಚೀಲಕ್ಕೆ ಕೈಹಾಕಿ ಎಳೆಯಿತು. ಫೋನು ಬಿತ್ತು, ಕನ್ನಡಕ ಬಿತ್ತು. ಅವಳು ಎರಡನ್ನೂ ನೋಡಲಿಲ್ಲ. ಮಂಗದ ಕೈಯಿಂದ ಸುರುಳಿ ಸುತ್ತಿದ ಒಂದು ಕಾಲುಚೀಲವನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಹಿಡಿಯಷ್ಟು ಕಪ್ಪು ಮಣ್ಣು.

"ಅಪ್ಪನ ಹೊಲದ್ದು" ಎಂದಳು. "ನಮ್ಮವರು ಟೆಕ್ಸಸ್ ಹೊರಗೆ ಹೆರುವುದಾದರೆ ಮಂಚದ ಕೆಳಗೆ ಇದನ್ನು ಇಡುತ್ತೇವೆ. ಆಗ ಮಗು ಟೆಕ್ಸಸ್ ನೆಲದ ಮೇಲೆಯೇ ಹುಟ್ಟಿದ ಹಾಗೆ. ನಾನು ಬಂದಿರುವುದೇ ಇದಕ್ಕೆ."

ನಾನು ನಗಲಿಲ್ಲ. ಮತ್ತೆ ಮಂಗಗಳ ಕಾಟ ಬೇಡವೆಂದು ಕಾಲುಚೀಲದ ಸಮೇತ ಕವರನ್ನು ಕಾರಿನ ಡಿಕ್ಕಿಯಲ್ಲಿದ್ದ ನನ್ನ ಮುಚ್ಚಳದ ಬುಟ್ಟಿಗೆ ಹಾಕಿದೆ. ಅದರಲ್ಲಿ ಅತ್ತಿಗೆಗೆಂದು ತಂದ ಬೆಲ್ಲ, ಕಾಫಿಪುಡಿ, ಕುಪ್ಪಸದ ಬಟ್ಟೆ ಇದ್ದವು.

ಹಂಪಿಯಿಂದ ಕಂಪ್ಲಿಗೆ ಇಪ್ಪತ್ತೈದು ಕಿಲೋಮೀಟರಿನಷ್ಟು. ದಾರಿಯುದ್ದಕ್ಕೂ ಬಾಳೆತೋಟ, ಮಳೆಗೆ ಎಲೆಗಳೆಲ್ಲ ಒರೆಸಿಟ್ಟಂತಿದ್ದವು. ನಾಲ್ಕು ಗಂಟೆಗೆ ಮನೆ ಮುಟ್ಟಿದೆವು. ಅತ್ತಿಗೆ ಬಾಗಿಲಲ್ಲೇ ನಿಂತು, "ಬರ್ರಿ, ಒಳಗ ಕುಂದ್ರಿ" ಎಂದು ಲಿಂಡಾಳಿಗೆ ಕೈಮುಗಿದು, ನನ್ನ ಕಡೆ ತಿರುಗಿ, "ಬಂದಿಯಾ ವಿಮಲಾ? ಜಿಲ್ಲಾ ಹೊಡಕೊಂಡು ಹ್ವಾದವ್ರು ಬಳ್ಳಾರಿ ಜಿಲ್ಲಾಕ ಹೆಂಗ ಬಂದ್ರಿ?" ಅಂದರು. ಜಿಲ್ಲೆ ಒಡೆದಾಗ ಹೊಸಪೇಟೆ ಬೇರೆಯಾಯಿತು, ಕಂಪ್ಲಿ ಬಳ್ಳಾರಿಯಲ್ಲಿ ಉಳಿಯಿತು. ಅಂದಿನಿಂದ ಪ್ರತಿ ಸಲ ಇದೇ ಮಾತು. ನಾನು ಹುಟ್ಟಿದ್ದು ಇದೇ ಮನೆಯ ನಡುಕೋಣೆಯಲ್ಲಿ. ಒಳಗಿದ್ದ ಕವರಿನ ನೆನಪಿಲ್ಲದೆ ಬುಟ್ಟಿಯನ್ನು ಹಾಗೇ ಅವರ ಕೈಗೆ ಕೊಟ್ಟೆ.

ಬೆಳಿಗ್ಗೆ ಲಿಂಡಾಳನ್ನು ಕರೆದುಕೊಂಡು ಹೊಳೆ ನೋಡಿ ಬಂದೆ. ವಾಪಸು ಬಂದಾಗ ಅತ್ತಿಗೆ ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಹಬ್ಬಕ್ಕೆ ಮಣ್ಣಿನ ಜೋಡಿ ಎತ್ತು ಮಾಡುತ್ತಿದ್ದರು. ಎರಡೂ ಮುಗಿದಿದ್ದವು. ಜೋಳದ ಕಾಳಿನ ಕಣ್ಣು, ಹೆಗಲ ಮೇಲೆ ದುಂಡಗಿನ ಇಣಿ, ಮೇಲೆದ್ದ ಕೋಡು.

"ಭಾಳ ಚಲೋ ಮಣ್ಣು ತಂದಿ ನೋಡು" ಎಂದರು ಅತ್ತಿಗೆ. "ನಮ್ಮ ಎರಿಮಣ್ಣಿನಂಗ ಐತಿ, ಜಿಗಿ ಐತಿ. ನೀ ಮರ್ತಿರ್ತಿ ಅನ್ಕಂಡಿದ್ದೆ."

ನಾನು ಮರೆತೇ ಇದ್ದೆ. ಮಳೆಗೆ ಮಣ್ಣೆಲ್ಲ ರಾಡಿಯಾಗಿದೆ, ಗಟ್ಟಿ ಮಾಡಲು ಒಣಮಣ್ಣು ಒಂದಿಷ್ಟು ತಾ ಎಂದು ಅವರು ಫೋನಿನಲ್ಲಿ ಹೇಳಿದ್ದರು. ಈಗ ನೆನಪಾಯಿತು. ಕಿಟಕಿಯ ಮೇಲೆ ಖಾಲಿ ಕವರು ಮಡಿಚಿಟ್ಟಿತ್ತು. ಪಕ್ಕದಲ್ಲಿ ಒಗೆದು ಒಣಹಾಕಿದ ಕಾಲುಚೀಲ.

ಲಿಂಡಾಳಿಗೆ ಏನೂ ಹೇಳಬೇಕಾಗಲಿಲ್ಲ. ಅವಳು ಕಾಲುಚೀಲ ನೋಡಿದಳು, ಎತ್ತು ನೋಡಿದಳು, ನೆಲದ ಮೇಲೆ ಕೂತುಬಿಟ್ಟಳು. ನಾನು ವಿಷಯ ತಿಳಿಸಿದಾಗ ಅತ್ತಿಗೆಯ ಮುಖ ಬಿಳುಚಿಕೊಂಡಿತು. "ಅಯ್ಯ ಶಿವನ. ನಾ ಏನ್ ಮಾಡಲಿ? ಕಲಸೇಬಿಟ್ಟೀನಲ್ಲ."

"ಇದರಲ್ಲಿ ನನ್ನದು ಎಷ್ಟು?" ಎಂದು ಲಿಂಡಾ ಕೇಳಿದಳು.

"ಅರ್ಧ ನಿಮ್ದು, ಅರ್ಧ ಕಂಪ್ಲೀದು" ಎಂದರು ಅತ್ತಿಗೆ. "ಬ್ಯಾರೆ ಮಾಡಾಕ ಬರಂಗಿಲ್ರಿ."

ಅವಳ ಕಣ್ಣಲ್ಲಿ ನೀರು ಬಂತು. ನಿನ್ನದೇ ಮಗಳು, ನಿನ್ನದೇ ಮೊಮ್ಮಗು, ಮಂಚದ ಕೆಳಗೆ ಏನಿದ್ದರೇನು ಎಂದು ಸಮಾಧಾನ ಹೇಳಹೋದೆ. ಲಿಂಡಾ ತಲೆಯಾಡಿಸಿದಳು. "ನಾನು ಹುಟ್ಟಿದ್ದು ಜರ್ಮನಿಯಲ್ಲಿ, ವಿಮಲಾ. ಅಪ್ಪ ಅಲ್ಲಿ ಸೈನ್ಯದಲ್ಲಿದ್ದರು. ಅಜ್ಜಿ ಅಂಚೆಯಲ್ಲಿ ಮಣ್ಣು ಕಳಿಸಿದ್ದಳು. ಅದನ್ನು ಇಟ್ಟಿರದಿದ್ದರೆ ನಾನು ಯಾರು?"

ನಲವತ್ತು ವರ್ಷದ ಪತ್ರಗಳಲ್ಲಿ ಅವಳು ಇದನ್ನು ಬರೆದಿರಲಿಲ್ಲ. ದಿನಕ್ಕೆ ಹತ್ತು ಸಲ ಟೆಕ್ಸಸ್ ಎನ್ನುವವಳು ಅಲ್ಲಿ ಹುಟ್ಟಿದವಳಲ್ಲ. ಕಂಪ್ಲಿಯಲ್ಲೇ ಹುಟ್ಟಿದ ನಾನು, ಊರು ಯಾವುದು ಎಂದು ಕೇಳಿದರೆ ತಡವರಿಸುತ್ತೇನೆ. ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ.

ಅಷ್ಟರಲ್ಲಿ ಲಿಂಡಾಳ ಅಳಿಯನ ಫೋನು ಬಂತು. ಎಮಿಗೆ ನೋವು ಶುರುವಾಗಿತ್ತು.

ಅತ್ತಿಗೆ ಅವಸರದಲ್ಲಿ ಎತ್ತುಗಳಿಗೆ ಕುಂಕುಮ ಹಚ್ಚಿ, ಆರತಿ ಬೆಳಗಿ, ಒಂದು ಎತ್ತನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಲಿಂಡಾಳ ಕೈಗೆ ಕೊಟ್ಟರು. "ಜೋಡಿ ಅಗಲಿಸಬಾರ್ದು. ಆದ್ರ ಕೂಸಿನ ಸಲುವಾಗಿ ಕೊಡಾಕತ್ತೀನಿ. ವಾಪಸ್ ತರಬೇಕಂತ ಹೇಳು. ಅಲ್ಲೀತನಕ ಇಲ್ಲಿ ಉಳಿದ ಎತ್ತನ್ನ ನೀರಿಗೆ ಬಿಡಂಗಿಲ್ಲ."

ಹಬ್ಬದ ಊಟ ಬಿಟ್ಟು ಹನ್ನೊಂದಕ್ಕೆ ಹೊರಟೆವು. ದರೋಜಿಯ ಗುಡ್ಡಗಳಲ್ಲಿ ಕರಡಿ ತೋರಿಸುತ್ತೇನೆಂದು ಹುಲುಗಪ್ಪ ಮಾತು ಕೊಟ್ಟಿದ್ದ. ಈಗ ಯಾರೂ ಆ ಮಾತೆತ್ತಲಿಲ್ಲ. ಅದಿರು ಲಾರಿಗಳು ಸಾಲಾಗಿ ಎದುರಾದವು. ಒಂದು ಗುಂಡಿಯಲ್ಲಿ ಕಾರು ಎಗರಿತು. ಡಬ್ಬಿಯೊಳಗೆ ಎತ್ತಿನ ಒಂದು ಕೋಡು ಮುರಿಯಿತು. ಲಿಂಡಾ ಅದನ್ನು ನನ್ನ ಕೈಗಿಟ್ಟಳು, ನಾನು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಸಂಡೂರು ಹತ್ತಿರವಾದಂತೆ ನೆಲ, ಗೋಡೆ, ಗಿಡದ ಎಲೆ, ಎಲ್ಲ ಕೆಂಪು. "ಇದೂ ಬಳ್ಳಾರಿ ಜಿಲ್ಲಾನ ಬಿಡ್ರಿ" ಎಂದ ಹುಲುಗಪ್ಪ, ಬೇರೆ ದೇಶಕ್ಕೆ ಬಂದವನ ಹಾಗೆ.

ಆಸ್ಪತ್ರೆಯ ಬೆಂಚಿನ ಮೇಲೆ ಎಮಿಯ ಅತ್ತೆ ಬಸಮ್ಮ ಕೂತಿದ್ದರು. ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸು ಡಬ್ಬಿ ತೆರೆಸಿ ನೋಡಿ, "ಮಣ್ಣು ಒಳಗ ಬ್ಯಾಡ್ರಿ. ನಂಜಾಗ್ತೈತಿ" ಎಂದಳು. ಅವಳು ಹೇಳಿದ್ದು ಸರಿಯೇ. ನಾನು ಮತ್ತೆ ಕೇಳಿಕೊಂಡೆ, ಆಗಲ್ಲ ಅಂದಳು. ಲಿಂಡಾ ಗೋಡೆಗೆ ಒರಗಿ ನಿಂತಳು.

ಬಸಮ್ಮ ಎದ್ದು ಬಂದು ಡಬ್ಬಿಯೊಳಗೆ ಇಣುಕಿದರು. "ಮಣ್ಣಂತ ಯಾಕಂತಿಯವ್ವಾ? ಎತ್ತು ಅದು. ಪೂಜಿ ಆದ ಎತ್ತು. ಇವತ್ತು ನಿಮ್ಮನ್ಯಾಗ ಇದನ್ನ ಬಾಗಲಾಗ ನಿಂದ್ರಸ್ತೀರೇನ?"

ನರ್ಸು ಕುಂಕುಮ ನೋಡಿದಳು. ಕೊನೆಗೆ ಡಬ್ಬಿ ಮುಚ್ಚಿ, ಸುತ್ತ ಟೇಪು ಬಿಗಿದು, ಹೊರಗೆಲ್ಲ ಔಷಧಿಯಿಂದ ಒರೆಸಿ ತಾನೇ ಒಳಗೆ ಒಯ್ದಳು. "ಮಂಚದ ಕೆಳಗ ಇಡ್ತೀನಿ. ಡಾಕ್ಟ್ರಿಗೆ ಹೇಳಬ್ಯಾಡ್ರಿ."

ಸಂಜೆ ನಾಲ್ಕು ಮುಕ್ಕಾಲಿಗೆ ಹೆಣ್ಣುಮಗು ಹುಟ್ಟಿತು. ಲಿಂಡಾ ಮಗುವನ್ನೆತ್ತಿಕೊಂಡು, "ಟೆಕ್ಸಸ್ ಹುಡುಗಿ" ಎಂದಳು. ಬಸಮ್ಮನಿಗೆ ಅದು ಅರ್ಥವಾಯಿತು. "ಏನ್ ಟೆಕ್ಸಸ್? ಸಂಡೂರಾಗ ಹುಟ್ಟೈತಿ, ಸಂಡೂರ ಕೂಸು" ಎಂದು ನಗುತ್ತಲೇ ಹೇಳಿದರು, ಆದರೆ ಮಗುವನ್ನು ಇಸಿದುಕೊಂಡರು. ನಾನು ಅತ್ತಿಗೆಗೆ ಫೋನು ಮಾಡಿದೆ. "ಕಂಪ್ಲಿ ಮಣ್ಣಿನ ಮ್ಯಾಲೆ ಹುಟ್ಟೈತೆಲ್ಲ" ಎಂದರು ಅತ್ತಿಗೆ. ಎರಡೂ ಕಡೆಯ ಮಾತು ತಿರುಗಿಸಬೇಕಾದ ನಾನು, ಯಾವುದನ್ನು ಯಾರಿಗೆ ಹೇಳಲಿ ಎಂದು ತಿಳಿಯದೆ, ಎಲ್ಲರಿಗೂ ಭಾಳ ಸಂತೋಷವಂತೆ ಎಂದುಬಿಟ್ಟೆ.

ಹುಲುಗಪ್ಪನ ಎರಡು ದಿನ ಮುಗಿದಿದ್ದವು, ಅವನನ್ನು ಕಳಿಸಿ ಬಸಮ್ಮನ ಮನೆಯಲ್ಲಿ ಉಳಿದೆ. ಮರುದಿನ ಬೆಳಿಗ್ಗೆ ಲಿಂಡಾ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಎತ್ತನ್ನು ಕಂಪ್ಲಿಗೆ ತಾನೇ ಒಯ್ದು ಕೊಡುತ್ತಾಳಂತೆ. ಅದನ್ನು ದೇವರ ಮುಂದೆ ಇಟ್ಟುಕೊಂಡಿರುವ ಬಸಮ್ಮ ಕೊಡಲು ಒಪ್ಪುತ್ತಾರೋ ಇಲ್ಲವೋ ಅವಳಿಗೆ ಖಾತ್ರಿಯಿಲ್ಲ. "ನಿಜ ಹೇಳು, ಅರ್ಧ ಮಣ್ಣು ಸಾಕಾಗುತ್ತದೆಯೇ?" ಎಂದು ಕೇಳಿದಳು. ಬಸ್ಸು ಹೊರಟಿತು, ನಾನು ಕೈಬೀಸಿದೆ.

ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಬೇಕು. ಕಂಡಕ್ಟರು ನನ್ನ ಕಾರ್ಡು ನೋಡಿ, "ಹೊಸಪೇಟಿ, ಬಳ್ಳಾರಿ ಜಿಲ್ಲಾ ಅಂತೈತಲ್ರಿ. ಹಳೇದು. ಬದಲಿ ಮಾಡಿಸ್ರಿ" ಎಂದ. ಆಗಲಿ ಎಂದೆ. ಕಾರ್ಡು ತೆಗೆಯುವಾಗ ಕರವಸ್ತ್ರ ಬಿಚ್ಚಿಕೊಂಡು ಎತ್ತಿನ ಕೋಡು ಮಡಿಲಿಗೆ ಬಿದ್ದಿತ್ತು. ಬೆಳಕಿಗೆ ಹಿಡಿದು ನೋಡಿದೆ. ಎಲ್ಲ ಒಂದೇ ಕಪ್ಪು. ಒಂದು ತುದಿಗೆ ಮಾತ್ರ ಸಂಡೂರಿನ ಕೆಂಪು ಧೂಳು ಮೆತ್ತಿತ್ತು.

"ಏನ್ರಿ ಅದು, ಮಣ್ಣಾ? ಎಲ್ಲೀದ್ರಿ?" ಎಂದ ಕಂಡಕ್ಟರು.

ಹೇಳಲು ಬಾಯಿ ತೆರೆದೆ. ಅವನು ಚೀಟಿಯ ಕಟ್ಟು ಹಿಡಿದು ಕಾದ, ಹಿಂದಿನ ಸೀಟಿನವರೂ ಕತ್ತು ಚಾಚಿದರು. ನಾನು ಕೋಡನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿ, "ಹೊಸಪೇಟೆ ಒಂದು ಕೊಡ್ರಿ" ಎಂದೆ.