ಹುರುಳಿ ತುಳಿದ ಬೈಕು

ಇವತ್ತು ಬೆಳಿಗ್ಗೆ ಗಂಜಾಂನ ಮೆಕ್ಯಾನಿಕ್ ಅನ್ವರ್ ನನ್ನ ಬೈಕಿನ ಚೈನ್ ಕವರ್ ಬಿಚ್ಚಿದಾಗ ಒಳಗಿನಿಂದ ಒಂದು ಹಿಡಿ ಹೊಟ್ಟು, ಜೊತೆಗೆ ಏಳೆಂಟು ಹುರುಳಿಕಾಳು ಉದುರಿದವು. ಅನ್ವರ್ ಗ್ರೀಸು ಮೆತ್ತಿದ ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿದ.

"ಏನ್ ಸಾಬ್ ಇದು, ಗಾಡೀಲೇ ಬೇಸಾಯ ಶುರು ಮಾಡ್ಬುಟ್ರಾ?"

ನಗಬೇಡಿ. ಬೇಸಾಯವಲ್ಲ, ಒಕ್ಕಣೆ. ಅದಕ್ಕೂ ಮುಂಚೆ ನಾನು ಶಾಂತಿ ಹುಡುಕುತ್ತಿದ್ದೆ.

ಐವತ್ತು ದಾಟಿದ ಗುಮಾಸ್ತನಿಗೆ ಡಾಕ್ಟರು ಬಿ.ಪಿ. ಇದೆ ಎಂದರೆ ಆತ ಉಪ್ಪು ಬಿಡಬೇಕು. ನಾನು ಉಪ್ಪು ಬಿಡದೆ ಬೈಕು ಕೊಂಡೆ. ಮೊಣಕಾಲಿಗೆ ಚಿಪ್ಪು, ಕೈಗೆ ಗವಸು, ಕೊರಳಿಗೆ ಬೈನಾಕ್ಯುಲರು. ಭಾನುವಾರ ಒಬ್ಬನೇ ಶ್ರೀರಂಗಪಟ್ಟಣ ಬಿಟ್ಟು, ಪಾಂಡವಪುರ ದಾಟಿ, ಕೆ.ಆರ್. ಪೇಟೆಯಲ್ಲಿ ಇಡ್ಲಿ ತಿಂದು, ನಾಗಮಂಗಲದ ಕಡೆಯ ಹಳ್ಳಿದಾರಿ ಹಿಡಿಯುವುದು ರೂಢಿಯಾಯಿತು. ಹೆಂಡತಿ ದೃಷ್ಟಿಯಾಗದಿರಲಿ ಎಂದು ಬಲಗಡೆಯ ಕನ್ನಡಿಗೆ ಕಪ್ಪು ದಾರ ಕಟ್ಟಿದಳು. ಯಾರ ದೃಷ್ಟಿ ಎಂದು ಕೇಳಿದರೆ "ನವಿಲುಗಳದ್ದು" ಎಂದಳು.

ಹಕ್ಕಿಗಳೇನೋ ಕಾಣುತ್ತಿದ್ದವು. ನಾಲೆಯ ಪಕ್ಕದ ಕರೆಂಟು ತಂತಿಯ ಮೇಲೆ ಮಿಂಚುಳ್ಳಿ ಕೂತಿರುತ್ತಿತ್ತು. ನಾನು ಬೈಕು ನಿಲ್ಲಿಸಿ, ಗವಸು ಕಳಚಿ, ಫೋನು ತೆಗೆಯುವಷ್ಟರಲ್ಲಿ ತಂತಿ ಮಾತ್ರ ಉಳಿಯುತ್ತಿತ್ತು. ಆ ತಂತಿಯ ಫೋಟೋವನ್ನೇ, ತಾಲ್ಲೂಕಿನ ಅಧಿಕಾರಿಗಳಿಂದ ಹಿಡಿದು ನನ್ನ ಹೆಂಡತಿಯ ತನಕ ಎಲ್ಲರೂ ಇರುವ ವಾಟ್ಸಾಪ್ ಗುಂಪಿಗೆ ಹಾಕಿ "ಮೌನದ ಮಡಿಲಲ್ಲಿ" ಎಂದು ಬರೆದು, ಎಷ್ಟು ಜನ ಮೆಚ್ಚಿದರು ಎಂದು ಮೈಲಿಗೊಮ್ಮೆ ನಿಂತು ನೋಡುತ್ತಿದ್ದೆ. ಶಾಂತಿ ಸಿಕ್ಕಿದ್ದು ನಾಲ್ಕು ಜನಕ್ಕೆ ತಿಳಿಯದಿದ್ದರೆ ಸಿಕ್ಕಿ ಏನು ಬಂತು, ನೀವೇ ಹೇಳಿ.

ಹೋದ ವರ್ಷ ಶಿವರಾತ್ರಿಗೆ ಇನ್ನೊಂದು ವಾರವಿತ್ತು. ನಾಗಮಂಗಲದ ಕಡೆ ಒಂದು ತಿರುವಿನಾಚೆ ಡಾಂಬರಿನ ಮೇಲೆ ಒಣ ಹುರುಳಿ ಗಿಡ ಮಂಡಿಯುದ್ದ ಹರಡಿತ್ತು. ಹೋಗಿಬರುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡಲಿ ಎಂದು ನಮ್ಮ ಕಡೆ ಹೀಗೆ ಹಾಸುತ್ತಾರೆ. ಬ್ರೇಕು ಹಿಡಿದೆ, ಬೈಕು ಜಾರಿತು, ನಾನು ಮೆತ್ತಗೆ ಹುರುಳಿಯ ಮೇಲೆ ಒರಗಿದೆ. ಕುಣಿಯಲಾರದವಳಿಗೆ ನೆಲ ಡೊಂಕು. ಏಳುವ ಮೊದಲೇ ಫೋನು ತೆಗೆದು, ಹುರುಳಿಯ ಜೊತೆಗೆ ಅದನ್ನು ತಿರುವುತ್ತಿದ್ದ ಹೆಂಗಸನ್ನೂ ಸೇರಿಸಿ ಫೋಟೋ ಹೊಡೆದೆ. "ರಸ್ತೆಯೋ ಕಣವೋ? ಅಧಿಕಾರಿಗಳು ಎಲ್ಲಿ ಮಲಗಿದ್ದಾರೆ?" ಎಂದು ಊರಿನ ಹೆಸರು ಸಮೇತ ಬರೆದು ಗುಂಪಿಗೆ ಹಾಕಿದೆ. ಆಮೇಲೆ ಎದ್ದೆ.

ಅರವತ್ತರ ಆಸುಪಾಸಿನ ಆ ಹೆಂಗಸಿನ ಹೆಸರು ಪುಟ್ಟತಾಯಮ್ಮ.

"ನೋಡಮ್ಮ, ರಸ್ತೆ ಇರೋದು ಜನ ಓಡಾಡೋಕೆ" ಎಂದೆ.

"ಓಡಾಡ್ಲಿ ಅಂತ್ಲೇ ಆಕಿರಾದು ಕಣಪ್ಪ. ನೀನು ಓಡಾಡ್ದೆ ಮನೀಕಂಡ್ರೆ ನಾನೇನ್ ಮಾಡ್ಲಿ?"

"ನಿಮಗೆ ಕಣ ಇಲ್ವಾ?"

"ಅದೆ. ಬಾ, ತೋರುಸ್ತೀನಿ."

ರಸ್ತೆಯ ಪಕ್ಕದಲ್ಲೇ ಹಳೆಯ ಕಣ. ನಾವು ಹತ್ತಿರವಾದಂತೆ ಉದ್ದ ಹಳದಿ ಕಾಲಿನ ಟಿಟ್ಟಿಭ ಹಕ್ಕಿಯೊಂದು ಮೇಲೆದ್ದು, ತಲೆಗೇ ಎರಗುವಂತೆ ಸುತ್ತುತ್ತ ಕಿರುಚತೊಡಗಿತು. ಪುಟ್ಟತಾಯಮ್ಮ ಬೆರಳು ತೋರಿದ ಕಡೆ ನನಗೆ ಕಂಡದ್ದು ಬರಿಯ ಕಲ್ಲು. ಬೈನಾಕ್ಯುಲರು ಎತ್ತಿದೆ. "ಕಾಲ್ ಬುಡುಕ್ಕೆ ನೋಡಪ್ಪ" ಎಂದಳು. ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ, ಕಣದ ನಟ್ಟನಡುವೆ.

"ಈ ಸಲ ಬ್ಯಾಗನೇ ಇಕ್ಬುಟ್ಲು. ಇವಳ ಬಾಯ್ಗೆ ಎದುರು ನಿಲ್ಲಕಾಯ್ತದಾ? ನೆನ್ನೆ ನಮ್ಮ ಎಮ್ಮೇನೇ ಓಡುಸ್ಬುಟ್ಲು. ನಮ್ಮ ನಾದ್ನಿನೇ ವಾಸಿ."

ದಯೆ, ಧರ್ಮ ಎಂಬ ಮಾತು ಅವಳ ಬಾಯಿಂದ ಒಂದೂ ಬರಲಿಲ್ಲ. ಕಣ ಖಾಲಿ ಇರಲಿಲ್ಲ, ಅದಕ್ಕೇ ರಸ್ತೆಗೆ ಬಂದಿದ್ದಳು. ಅಷ್ಟೇ.

ರಸ್ತೆಗೆ ಹಿಂದಿರುಗುವ ಹೊತ್ತಿಗೆ ಪಂಚಾಯಿತಿಯ ನೀರು ಬಿಡುವವನು ಮೊಪೆಡ್ಡಿನಲ್ಲಿ ಬಂದು ನಿಂತಿದ್ದ. "ಅಕ್ಕೋ, ಯಾವನೋ ಫೋಟೋ ಹೊಡ್ದು ಗುಂಪ್ಗೆ ಬುಟ್ಟವ್ನೆ. ಸಾಯೇಬ್ರು ಉಗೀತಾವ್ರೆ. ಮಧ್ಯಾನ್ದೊಳ್ಗೆ ರಸ್ತೆ ಖಾಲಿ ಮಾಡು, ಇಲ್ದಿದ್ರೆ ಆಳು ಕರ್ಕಬಂದು ನಾವೇ ಎತ್ತಿ ನಿನ್ ಕಣಕ್ಕೆ ಆಕ್ಬುಡ್ತೀವಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬಿಚ್ಚಿದ್ದ ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಂಡೆ. ಅವನು ಫೋಟೋ ತೋರಿಸಿದ. ಪುಟ್ಟತಾಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಫೋಟೋದ ಮೂಲೆಯಲ್ಲಿ ವಾಲಿದ ಬೈಕಿನ ಕನ್ನಡಿ, ಕನ್ನಡಿಗೆ ಕಪ್ಪು ದಾರ. ಅವಳು ತಲೆಯೆತ್ತಿ ನನ್ನ ಬೈಕು ನೋಡಿದಳು. ಅವನು ಹೋಗುವ ತನಕ ಬಾಯಿ ಬಿಡಲಿಲ್ಲ.

"ಅಮ್ಮಾ, ತಪ್ಪಾಯ್ತು..." ಎಂದು ಶುರು ಮಾಡಿದೆ.

"ತಪ್ಪು ಒಪ್ಕಳದು ಆಮೇಲೆ. ಮೊದ್ಲು ಗಾಡಿ ಅತ್ತು."

ಹತ್ತಿದೆ. ಎರಡನೇ ಗೇರಿನಲ್ಲಿ ಆ ತುದಿಗೆ ಹೋಗಿ, ತಿರುಗಿ, ಈ ತುದಿಗೆ ಬಂದೆ. ಅವಳು ಕವೆಗೋಲಿನಿಂದ ಗಿಡ ತಿರುವಿ ಹಾಕುತ್ತಿದ್ದಳು, ನಾನು ತುಳಿಯುತ್ತಿದ್ದೆ. ಮೊದಲ ಹತ್ತು ಸುತ್ತು ನಾಚಿಕೆಯಲ್ಲಿ ಕಳೆದವು, ಆಮೇಲಿನವು ಭಯದಲ್ಲಿ. ಮಧ್ಯಾಹ್ನದೊಳಗೆ ಮುಗಿಯದಿದ್ದರೆ ಈ ರಾಶಿಯೆಲ್ಲ ಆ ನಾಲ್ಕು ಮೊಟ್ಟೆಯ ಮೇಲೆ ಬೀಳುತ್ತದೆ, ಬೀಳಿಸಿದವನು ನಾನೇ ಆಗುತ್ತೇನೆ ಎಂದು ನಿಜವಾಗಿ ಹೆದರಿದೆ.

ಅದೆಷ್ಟನೆಯ ಸುತ್ತೋ, ಲೆಕ್ಕ ತಪ್ಪಿತು. ಸಿಡಿದ ಕಾಳಿಗೆ ಮೈನಾಗಳು ಬಂದು ನನ್ನ ಹಿಂದೆ ಹಿಂದೆಯೇ ನಡೆಯುತ್ತಿದ್ದವು. ಮುಂಗುಸಿಯೊಂದು ರಸ್ತೆ ದಾಟುತ್ತ ನಡುವೆ ನಿಂತು ನನ್ನನ್ನು ನೋಡಿ, ಯಾವುದೋ ಎತ್ತು ಎಂದುಕೊಂಡು ಮುಂದೆ ಹೋಯಿತು. ಬೇಲಿಯಾಚೆ ಎರಡು ನವಿಲು ಯಾರದೋ ಹೊಲವನ್ನು ಧೈರ್ಯವಾಗಿ ಮೇಯುತ್ತಿದ್ದವು. ಕಣದ ಟಿಟ್ಟಿಭ ಬೈದು ದಣಿದು ಮೊಟ್ಟೆಯ ಮೇಲೆ ಕೂತಿತು. ಪ್ರತಿ ಸುತ್ತಿನಲ್ಲೂ ಅದರ ಕಣ್ಣು ನನಗೆ ಕಾಣುತ್ತಿತ್ತು. ಫೋನು ಜೇಬಿನಲ್ಲೇ ಇತ್ತು, ಪುಟ್ಟತಾಯಮ್ಮನ ಎದುರು ತೆಗೆಯುವ ಧೈರ್ಯವಿರಲಿಲ್ಲ. ಎರಡು ವರ್ಷ ಪೆಟ್ರೋಲು ಸುಟ್ಟು ಹುಡುಕಿದ ನೆಮ್ಮದಿ ಐವತ್ತು ಮಾರು ರಸ್ತೆಯಲ್ಲಿ ಸಿಕ್ಕಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಸಿಕ್ಕಿದ್ದು ಅಲ್ಲೇ.

ಮಧ್ಯಾಹ್ನಕ್ಕೆ ಮುಂಚೆ ರಸ್ತೆ ಗುಡಿಸಿ, ಕಾಳು ಮೂಟೆ ಕಟ್ಟಿದೆವು. "ಈಗ ಒಪ್ಕೋ" ಎಂದಳು. ಒಪ್ಪಿಕೊಂಡೆ. "ಊಂ. ನಿನ್ ನಂಬರ್ ಬರ್ದ್ ಕೊಡು" ಎಂದಳು.

ಎರಡು ವಾರ ಬಿಟ್ಟು ಹೋಗಿ ಕೇಳಿದಾಗ ಮರಿ ಮೂರು ಎಂದಳು, ಒಂದು ಮೊಟ್ಟೆ ಕಾಗೆಯ ಪಾಲಾಗಿತ್ತಂತೆ. ಗುಂಪಿನಲ್ಲಿ ನನ್ನ ಫೋಟೋವನ್ನು ಮೆಚ್ಚಿದವರಿಗೆ ಮಿತಿಯಿರಲಿಲ್ಲ. ಒಕ್ಕಿದ ದಿನ ಸಂಜೆಯೇ ಅದನ್ನು ಅಳಿಸಿ, ನಡೆದದ್ದನ್ನು ಬರೆದು ಹಾಕಿದ್ದೆ. ಅದನ್ನು ಮೆಚ್ಚಿದವಳು ನನ್ನ ಹೆಂಡತಿ ಒಬ್ಬಳೇ. ರಸ್ತೆಯಲ್ಲಿ ಒಕ್ಕುವುದು ತಪ್ಪು ಎಂದು ಇವತ್ತಿಗೂ ನಾನು ವಾದಿಸುತ್ತೇನೆ, ಅದು ಬೇರೆ ಮಾತು.

ಅನ್ವರ್ ಗಾಳಿ ಹೊಡೆದು ಉಳಿದ ಹೊಟ್ಟನ್ನೂ ಹಾರಿಸಿದ. "ವರ್ಷದಿಂದ ಸರ್ವೀಸ್ ಇಲ್ಲ, ಈಗ ಏನ್ ಸಾಬ್ ಇಷ್ಟು ಅರ್ಜೆಂಟು?"

ಬೆಳಿಗ್ಗೆ ಆರಕ್ಕೇ ಫೋನು ಬಂದಿತ್ತು. ಹಲೋ ಅನ್ನುವ ಪದ್ಧತಿ ಪುಟ್ಟತಾಯಮ್ಮನಿಗಿಲ್ಲ.

"ಇಕ್ಬುಟ್ಟವ್ಳೆ ಕಣಪ್ಪ, ಮತ್ತೆ ಅಲ್ಲೇಯ. ಭಾನ್ವಾರ ಬೈಕ್ ತಕಂಡ್ ಬಾ. ಫೋನು ಮನೇಲ್ ಬುಟ್ಬುಟ್ ಬಾ."