ಅರ್ಧ ಇಸ್ತ್ರಿಯ ರಾಣಿ

ನಿನ್ನೆ ಸಂಜೆ ಮಾಗಡಿಯ ಬಸ್ ನಿಲ್ದಾಣದ ಹತ್ತಿರ ಕರೆಂಟು ಹೋಯಿತು. ಬಟ್ಟೆ ಅಂಗಡಿಯವರು ಜನರೇಟರ್ ಹಾಕಿದ್ದೇ ತಡ, ಡೀಸೆಲ್ ಹೊಗೆ ರಪ್ಪನೆ ಮುಖಕ್ಕೆ ಹೊಡೆಯಿತು. ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನೊಬ್ಬಳು ನಗುತ್ತ ನಿಂತಿದ್ದೆ. ಪಕ್ಕದ ಹೂವಿನವಳು ನನ್ನನ್ನು ನೋಡಿದ ರೀತಿಯನ್ನು ನೀವು ನೋಡಬೇಕಿತ್ತು! ಅವಳಿಗೆ ಹೇಳಲು ಪುರಸೊತ್ತಿರಲಿಲ್ಲ, ನಿಮಗಾದರೂ ಹೇಳುತ್ತೇನೆ.

ನಾನು ಎಂ.ಎ. ಓದಿದ್ದು ರಾಮನಗರದ ಹತ್ತಿರದ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ. ಕಿಟಕಿ ತೆರೆದರೆ ಎದುರಿಗೆ ಬಂಡೆಗಳ ಬೆಟ್ಟ, ಕೆಳಗೆ ಹಾಸ್ಟೆಲ್ ಗೋಡೆಗೇ ಅಂಟಿಕೊಂಡ ಜನರೇಟರ್. ಕರೆಂಟು ಹೋದಾಗಲೆಲ್ಲ ಅದು ಗುಡುಗುತ್ತಿತ್ತು. ಒಣಹಾಕಿದ ಬಟ್ಟೆ, ತೊಳೆದ ಕೂದಲು, ಕೊನೆಗೆ ಮೆಸ್ಸಿನ ಚಿತ್ರಾನ್ನಕ್ಕೂ ಡೀಸೆಲ್ ವಾಸನೆ. ನಾವೆಲ್ಲ ಗೊಣಗಿ ಸುಮ್ಮನಾಗುತ್ತಿದ್ದೆವು. ಸುಮ್ಮನಾಗದವಳು ನನ್ನ ರೂಮ್‌ಮೇಟ್ ಭಾಗ್ಯ ಒಬ್ಬಳೇ.

ಭಾಗ್ಯ ಕೂಟಗಲ್ ಕಡೆಯ ರೈತರ ಮನೆಯ ಹುಡುಗಿ, ಎಲೆಕ್ಟ್ರಿಕಲ್ ಓದುತ್ತಿದ್ದಳು. ರೂಮಿಗೆ ಬಂದ ಮೊದಲ ದಿನವೇ ಖಾಲಿ ಕೋಣೆಯಲ್ಲಿ ತಿರುಗುತ್ತಿದ್ದ ನನ್ನ ಫ್ಯಾನನ್ನು ಆರಿಸಿ, "ಯಾರಿಗೆ ಬೀಸ್ತಾ ಐತೆ ಇದು, ಗ್ವಾಡೆಗಾ?" ಎಂದವಳು. ವಿದ್ಯುತ್ತಿನ ವಿಷಯದಲ್ಲಿ ನನ್ನ ಪಾಂಡಿತ್ಯ ಸ್ವಿಚ್ಚಿನ ಹತ್ತಿರವೇ ಮುಗಿಯುತ್ತಿತ್ತು, ಅದೂ ಹಾಕುವುದರಲ್ಲಿ ಮಾತ್ರ.

ಆ ವರ್ಷ ಗ್ರಂಥಾಲಯದ ಚಾವಣಿಗೆ ಸೋಲಾರ್ ಪ್ಯಾನೆಲ್ ಬಂದವು, ಕೆಳಗಿನ ಕೋಣೆಗೆ ಬ್ಯಾಟರಿಗಳು ಬಂದವು. ಸಭಾಂಗಣಕ್ಕೂ ನಮ್ಮ ಹಾಸ್ಟೆಲ್ಲಿಗೂ ಅಲ್ಲಿಂದಲೇ ಲೈನು. ಆದರೆ ಅದನ್ನು ಯಾರೂ ನಂಬಿರಲಿಲ್ಲ. ಕರೆಂಟು ಹೋದರೆ ಮತ್ತೆ ಜನರೇಟರೇ. ವಾರ್ಷಿಕೋತ್ಸವದ ಮಧ್ಯಾಹ್ನವಿಡೀ ಲೈನ್ ರಿಪೇರಿ, ಕರೆಂಟು ಇರುವುದಿಲ್ಲ ಎಂದು ಗೊತ್ತಾದಾಗ ಭಾಗ್ಯ ನನ್ನನ್ನೂ ಎಳೆದುಕೊಂಡು ಸೀದಾ ಕುಲಸಚಿವರ ಕೋಣೆಗೆ ನುಗ್ಗಿದಳು.

"ಕಾರ್ಯಕ್ರಮ ಪೂರ್ತಿ ಸೋಲಾರಲ್ಲೇ ನಡ್ಸಾಣ ಸಾರ್. ಜನರೇಟರ್ ಬ್ಯಾಡ."

"ಮೋಡ ಬಂದ್ರೆ ಏನಮ್ಮಾ ಮಾಡ್ತೀಯ?"

"ಬ್ಯಾಟ್ರಿ ಐತಲ್ಲ ಸಾರ್. ಒಸಿ ಹಿಡಿದು ಖರ್ಚು ಮಾಡಿದ್ರಾಯ್ತು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಯ್ತು. ಗೆದ್ರೆ ಹಾಸ್ಟೆಲ್ ಮೇಲೂ ಪ್ಯಾನೆಲ್ ಹಾಕಿಸ್ತೀನಿ, ಆ ಜನರೇಟರನ್ನ ಅಲ್ಲಿಂದ ತೆಗೆಸ್ತೀನಿ. ನಾಟಕದ ಮಧ್ಯೆ ಕತ್ತಲಾದ್ರೆ ಮಾತ್ರ, ಸೋಲಾರ್ ಅಂತ ಇನ್ನೊಂದ್ಸಲ ಈ ಬಾಗಿಲಿಗೆ ಬರಬಾರದು."

ಆ ನಾಟಕದಲ್ಲಿ ರಾಣಿ ನಾನೇ. ಕತ್ತಲಾದರೆ ಮಾನ ಹೋಗುವುದು ನನ್ನದೇ.

ಅಂದು ಬೆಳಿಗ್ಗೆ ಬಿಸಿಲು ಚುರುಗುಟ್ಟುತ್ತಿತ್ತು. ಊಟದ ಹೊತ್ತಿಗೆ ಬೆಟ್ಟದ ಹಿಂದಿನಿಂದ ಮೋಡ ಎದ್ದಿತು. ನಾನು ರಾಣಿಯ ರೇಷ್ಮೆ ಸೀರೆಗೆ ಇಸ್ತ್ರಿ ತೀಡುತ್ತಿದ್ದೆ. ಭಾಗ್ಯ ಬಾಗಿಲು ತಳ್ಳಿಕೊಂಡು ಬಂದಳು.

"ಪ್ಲಗ್ ಕೀಳೇ! ಒಂದೊಂದು ರೂಮಲ್ಲೂ ಇಸ್ತ್ರಿ ಪೆಟ್ಟಿಗೆ ಕಾಯ್ತಾ ಐತೆ. ನಾಟ್ಕ ಸುರುವಾಗೋ ಮುಂಚೇನೇ ಬ್ಯಾಟ್ರಿನೆಲ್ಲ ಸೀರೆಗೇ ಕುಡಿಸ್ಬುಡ್ತೀರಾ?"

"ಇನ್ನೂ ಅರ್ಧ ಸೀರೆ ಉಳಿದಿದೆಯಲ್ಲೇ!"

"ಮುದುರಿದ್ದನ್ನ ಒಳಗಡೆಗೆ ಹಾಕ್ಕೊಂಡು ಉಟ್ಕೊ. ಬಾ!"

ಇಬ್ಬರೂ ಓಡಿದೆವು. ಪ್ರತಿ ಬಾಗಿಲು ಬಡಿದು ಕೂಗಿದೆವು. ಮೇಲಿನ ಮಹಡಿಯ ಹುಡುಗಿಯರು ಒಪ್ಪಲಿಲ್ಲ. "ವರ್ಷಕ್ಕೊಂದು ದಿನ ಸೀರೆ ಉಡೋದು, ಮುದುರಿಕೊಂಡು ಹೋಗೋಣ್ವಾ?" ಎಂದು ಮುಖ ಊದಿಸಿಕೊಂಡರು. ನಾನು ಕೈಯಲ್ಲಿದ್ದ ಸೀರೆಯನ್ನು ಬಿಡಿಸಿ ಹಿಡಿದೆ: ಅರ್ಧ ಕನ್ನಡಿ, ಅರ್ಧ ಹಪ್ಪಳ. "ರಾಣಿಯೇ ಹೀಗೆ ಹೋಗ್ತಿದಾಳೆ ಕಣ್ರೇ!" ಗೊಳ್ಳೆಂದು ನಕ್ಕರು. ನಗುತ್ತಲೇ ಪ್ಲಗ್ಗುಗಳನ್ನು ಕಿತ್ತರು.

ನಾಟಕ ಶುರುವಾಯಿತು. ಜನರೇಟರ್ ಗುಡುಗದ ಸಭಾಂಗಣದಲ್ಲಿ ನನ್ನ ಗೆಜ್ಜೆಯ ಸದ್ದು ನನಗೇ ಕೇಳಿಸಿತು. ಅರ್ಧ ದಾಟಿರಬೇಕು, ಭಾಗ್ಯ ಬ್ಯಾಟರಿ ಕೋಣೆಯಿಂದ ಓಡಿಬಂದು ಮುಂದಿನ ಸಾಲಿನಲ್ಲಿದ್ದ ಕುಲಸಚಿವರ ಕಿವಿಯಲ್ಲಿ ಏನೋ ಹೇಳಿದಳು. ಬ್ಯಾಟರಿ ಇಳಿಯುತ್ತಿದೆ ಎಂದು ವೇದಿಕೆಯಿಂದಲೇ ಊಹಿಸಿದೆ. ಅವರು ಎದ್ದು ಗೋಡೆಯ ಹತ್ತಿರ ಹೋಗಿ ತಾವೇ ಫ್ಯಾನುಗಳನ್ನೆಲ್ಲ ಆರಿಸಿದರು. ದೀಪಗಳು ಮಾತ್ರ ಉಳಿದವು. ಸೆಕೆ ಏರಿತು. ಜನ ಆಹ್ವಾನ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳತೊಡಗಿದರು, ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಅದನ್ನೆಲ್ಲ ನೋಡುತ್ತ ನನ್ನ ಮಾತು ನನಗೇ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಗಟ್ಟಿಯಾಗಿ ಅಂದೆ:

"ಯಾರಲ್ಲಿ! ಅರಮನೆಯ ಬಾಗಿಲುಗಳನ್ನೆಲ್ಲ ತೆರೆಯಿರಿ!"

ಹಿಂದೆ ನಿಂತಿದ್ದ ಹುಡುಗರು ಸಭಾಂಗಣದ ಬಾಗಿಲುಗಳನ್ನೆಲ್ಲ ದಡಾರನೆ ತೆರೆದೇಬಿಟ್ಟರು! ಬೆಟ್ಟದ ಗಾಳಿ ಒಳಗೆ ನುಗ್ಗಿತು, ಸಭೆಯಿಡೀ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನನ್ನ ಅಭಿನಯಕ್ಕಲ್ಲವೆಂದು ಗೊತ್ತಿದ್ದರೂ ರಾಣಿಯ ಗತ್ತಿನಲ್ಲೇ ಸ್ವೀಕರಿಸಿದೆ. ಕೊನೆಯ ಪರದೆ ಬೀಳುವವರೆಗೂ ಒಂದು ದೀಪವೂ ಕಣ್ಣು ಮಿಟುಕಿಸಲಿಲ್ಲ. ಕುಲಸಚಿವರು ಬೆವರು ಒರೆಸಿಕೊಳ್ಳುತ್ತ ಭಾಗ್ಯಳಿಗೆ, "ನಾಳೆ ಹಾಸ್ಟೆಲ್ ಚಾವಣಿ ಅಳತೆ ತಗೊಂಡು ಬಾಮ್ಮಾ" ಎಂದರು. ಅವಳು ಓಡಿಬಂದು ನನ್ನನ್ನು ಎತ್ತಿ ತಿರುಗಿಸಿಬಿಟ್ಟಳು.

ಈಗ ನಾನು ಮಾಗಡಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಭಾಗ್ಯ ಸೋಲೂರಿನಲ್ಲಿದ್ದುಕೊಂಡು ಸುತ್ತಲಿನ ಊರುಗಳಿಗೆಲ್ಲ ಸೋಲಾರ್ ಹಾಕಿಸುತ್ತಾಳೆ. ಇಷ್ಟು ವರ್ಷ ಇದನ್ನು ಕತೆಯಾಗಿ ಹೇಳಿಕೊಂಡು ನಗಿಸಿದ್ದೇ ಆಯಿತು; ನಮ್ಮ ಕಾಲೇಜಿನ ಖಾಲಿ ಚಾವಣಿಯನ್ನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಇವತ್ತು ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಗೆ ಹೋದೆ, ಈ ಸಲ ಯಾರೂ ಎಳೆದುಕೊಂಡು ಹೋಗದೆ. ಚಾವಣಿಗೆ ಸೋಲಾರ್ ಹಾಕಿಸೋಣವೆಂದೆ, ಭಾಗ್ಯಳ ಹೆಸರು ಹೇಳಿದೆ. "ಕರೆಸಿ, ನೋಡೋಣ" ಎಂದರು. ಕಾರಿಡಾರಿನಲ್ಲೇ ನಿಂತು ಫೋನು ಮಾಡಿದೆ.

"ಮಧ್ಯಾನ್ಕೇ ಬತ್ತೀನಿ ಕಣೇ," ಭಾಗ್ಯ ಕೂಗಿದಳು, "ಏಣಿ ಒಂದು ಇಡ್ಸಿರು!"

ಏಣಿ ಬಂದಿದೆ. ಅವಳಿನ್ನೂ ಬಂದಿಲ್ಲ. ಕಾಯಲಾರದೆ ಚಪ್ಪಲಿ ಬಿಟ್ಟು ಎರಡು ಮೆಟ್ಟಿಲು ಹತ್ತಿ ನಿಂತಿದ್ದೇನೆ.