ಉಪದೇಶಿಯವರು ನೋಡಿದ ಕೋಳಿ

ಮಕ್ಕಳೇ, ಯುದ್ಧದ ಕಾಲದಲ್ಲಿ ಹೊನ್ನಾಳಿಯ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಕ್ರೈಸ್ತ ಉಪದೇಶಿಯವರಿದ್ದರು. ಬೈಬಲಿನ ಸೃಷ್ಟಿಯ ಕಥೆಯನ್ನು ಹೀಬ್ರೂ ಭಾಷೆಯಿಂದ ತಾವೇ ಕನ್ನಡಕ್ಕೆ ತರುತ್ತಿದ್ದರು. ಕ್ರಿಯಾಪದ ಬಂದರೆ ಸಾಕು, ಎದ್ದು ಹೊರಗೆ ಹೊರಡುವರು. "ಕೆಲಸ ನೋಡಿ ಮಾತು ಹಾಕ್ಬೇಕ್ರವ್ವ" ಎಂದು ನಮ್ಮವ್ವನಿಗೆ ಹೇಳುವರು. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿದನೆಂಬ ಮಾತಿಗಾಗಿ ಕುಂಬಾರರ ಮನೆಯಲ್ಲಿ ಇಡೀ ಬೆಳಗು ಕೂತಿದ್ದರು.

ಸೃಷ್ಟಿಯ ಮೊದಲಲ್ಲಿದ್ದ ನೀರಿನ ಮೇಲೆ ದೇವರ ಆತ್ಮ 'ಚಲಿಸುತ್ತಿತ್ತು' ಎಂದು ಅಚ್ಚಾದ ಕನ್ನಡ ಬೈಬಲಿನಲ್ಲಿತ್ತು. ಹೀಬ್ರೂವಿನಲ್ಲಿ ಅದು ಮರಿಗಳ ಮೇಲೆ ರೆಕ್ಕೆ ಬಿಚ್ಚುವ ಹಕ್ಕಿಗೂ ಹೇಳುವ ಮಾತಂತೆ. ನಮ್ಮ ಹಿತ್ತಲಲ್ಲಿ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಂಡಿದ್ದ ಕೋಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು.

"ಚಲಿಸೋನು ದಾಟಿ ಹೋಗ್ತಾನೆ. ಕಾವು ಕೊಡೋನು ಬಿಟ್ಟು ಹೋಗಲ್ಲ ಕಣ್ರವ್ವ."

ಅಚ್ಚಿನಲ್ಲಿರುವಂತೆಯೇ ಓದಬೇಕು, ಇಲ್ಲವಾದರೆ ಕೆಲಸ ಬಿಡಬೇಕು ಎಂದು ಸುದ್ದಿ ತಿಳಿದ ಮೇಲಿನ ಪಾದ್ರಿ ಅಯ್ಯನವರ ಅಪ್ಪಣೆಯಾಯಿತು. ಭಾನುವಾರ ಚರ್ಚಿನಲ್ಲಿ ಅವರ ಎದುರಿಗೇ ಉಪದೇಶಿಯವರು 'ಕಾವು ಕೊಡುತ್ತಿತ್ತು' ಎಂದು ಗಟ್ಟಿಯಾಗಿ ಓದಿದರು. ಒಳಗೆ ಹೋಗಲು ನಾಚಿ, ನಾನು ಕಿಟಕಿಯಾಚೆ ನಿಂತಿದ್ದೆ.

"ದೇವ್ರನ್ನ ಕೋಳಿ ಮಾಡಿದ್ಯೇನಯ್ಯ?" ಎಂದು ಅಯ್ಯನವರು ಸಿಡುಕಿದರು.

"ಕೋಳಿ ಅಂದಿಲ್ರೀ, ಕಾವು ಅಂದೆ."

ಮರುದಿನವೇ ಉಪದೇಶಿಯವರು ಕೆಲಸ ಬಿಟ್ಟು, ಹಾಸಿಗೆ ಸುತ್ತಿಕೊಂಡು ಜಗಳೂರಿಗೆ ಹೊರಟರು. ನಮ್ಮವ್ವ ಆ ಕೋಳಿಯನ್ನು ಮರಿಗಳ ಸಮೇತ ಬುಟ್ಟಿಗೆ ಹಾಕಿ ಅವರ ಕೈಗಿಟ್ಟಳು.

"ತಗಳ್ರಿ. ಅಲ್ಲೂ ಯಾರಾದ್ರೂ ಬೈದ್ರೆ, ತೋರ್ಸಾಕೆ ಇರ್ಲಿ."